ಹೊಂಬಾಳೆ ಮತ್ತು ಕೊಬ್ಬರಿ

ಬೆಂಗಳೂರಿನಿಂದ ಅರಸೀಕೆರೆಯತ್ತ ಹೋಗುವ ರೈಲು ಗುಬ್ಬಿಯನ್ನು ದಾಟಿ ಅಮ್ಮಸಂದ್ರವನ್ನು ಸಮೀಪಿಸಿದಂತೆ ಹಳಿಯ ಎರಡು ಪಕ್ಕಗಳಲ್ಲಿಯೂ ತೆಂಗಿನ ತೋಟಗಳು ದಟ್ಟವಾಗುತ್ತವೆ. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳ ಬಾಳು ಬಹುಮಟ್ಟಿಗೆ ಈ ಒಂದು ಮರವನ್ನು ನೆಮ್ಮಿ ನಿಂತಿದೆ. ಮಕ್ಕಳು ಕೈಬಿಟ್ಟರೂ ತೆಂಗು ಕೈಬಿಡದೆಂಬುದು ಇಲ್ಲಿಯ ರೈತರ ನಂಬಿಕೆ. ಎತ್ತರದ ಜಾತಿಯ ತೆಂಗಿನ ಮರವು ನೆಟ್ಟ 6-7 ವರ್ಷಗಳಿಗೆ ಫಲ ಹಿಡಿಯಲು ತೊಡಗಿ, 60-70 ವರ್ಷಗಳವರೆಗೂ ಕಾಯಿ ಕೊಡುತ್ತಿರುತ್ತದೆ. ಅಜ್ಜ ನೆಟ್ಟ ಮರದ ಕಾಯನ್ನು ಮೊಮ್ಮಗ ಕೆಡಹುವುದು ಇಲ್ಲಿ ಸಾಮಾನ್ಯವಾದ ನೋಟ.

ಈ ಸೀಮೆಯ ಕೊಬ್ಬರಿ ದೇಶಕ್ಕೆಲ್ಲ ಹೆಸರಾದದ್ದು. ಅದು ಆಗುವ ಬಗೆಯನ್ನು ತಿಳಿದವರಿಗೆ ತಾಳ್ಮೆಯೆಂದರೆ ಏನೆಂಬುದನ್ನು ಬೇರೆ ವಿವರಿಸಬೇಕಾಗಿಲ್ಲ. ಹೂವು ಕಾಯಾಗಿ ಬಲಿಯುವುದಕ್ಕೆ ಒಂದು ವರ್ಷ ಬೇಕು. ಹಾಗೆ ಬಲಿತ ಕಾಯನ್ನು ಸಿಪ್ಪೆ ಸುಲಿಯದೆ ಅಟ್ಟದ ಮೇಲೆ ಹರವಿದರೆ, ಇನ್ನೂ ಹತ್ತು ಹನ್ನೆರಡು ತಿಂಗಳು ಅದು ಅಲ್ಲಿಯೇ ಕತ್ತಲೆಯಲ್ಲಿ ಕುಳಿತಿರಬೇಕು. ಒಳಗಿನ ನೀರು ಮೆಲ್ಲನೆ ಇಂಗುತ್ತದೆ. ತಿರುಳು ಒಣಗಿ, ಚಿಪ್ಪಿನ ಹಿಡಿತವನ್ನು ಬಿಟ್ಟು, ಕಾಯನ್ನು ಅಲ್ಲಾಡಿಸಿದರೆ ಗಡಗಡ ಸದ್ದು ಮಾಡುತ್ತದೆ. ಆಗ ರೈತನು ಅದನ್ನು ಒಡೆದು ಗಿಟುಕನ್ನು ಹೊರತೆಗೆದು ತಿಪಟೂರಿನ ಮಾರುಕಟ್ಟೆಗೆ ಒಯ್ಯುತ್ತಾನೆ.

ಇದೇ ಮರದಲ್ಲಿ ಇನ್ನೊಂದು ವಸ್ತುವಿದೆ. ಸುಮಾರು ತಿಂಗಳಿಗೊಂದರಂತೆ ಗರಿಯ ಬುಡದಲ್ಲಿ ದೋಣಿಯಾಕಾರದ ಒರಟು ಕವಚವೊಂದು ಮೂಡುತ್ತದೆ. ಅದು ಸೀಳಿದಾಗ ಒಳಗಿನಿಂದ ಹೊರಚೆಲ್ಲುವ ಕೆನೆಬಣ್ಣದ ಹೂಗೊಂಚಲೇ ಹೊಂಬಾಳೆ. ಮರದ ಮೇಲೆಯೇ ಬಿಟ್ಟರೆ ಅದು ಒಂದು ಗೊನೆಯಾದೀತು. ಆದರೆ ಊರಹಬ್ಬದ ದಿನ ಹೆಣ್ಣುಮಕ್ಕಳು ತಂಬಿಟ್ಟಿನ ಆರತಿ ಹೊತ್ತು ಹೊರಡುವಾಗ ಆ ಆರತಿಗೆ ಸಿಕ್ಕಿಸಲು ಹೊಂಬಾಳೆ ಬೇಕು. ಕಾಯಿಯ ಲೆಕ್ಕವನ್ನು ಒಂದೊಂದಾಗಿ ಇಡುವ ರೈತನೇ ಅಂದು ತಾನಾಗಿ ಒಂದು ಗೊನೆಯ ಫಲವನ್ನು ಬಿಟ್ಟುಕೊಟ್ಟು ಹೊಂಬಾಳೆಯನ್ನು ಕೊಯ್ಯಿಸುತ್ತಾನೆ. ಮರುದಿನಕ್ಕೆ ಅದು ಬಾಡಿ ಕಂದುತ್ತದೆ. ಎರಡು ವರ್ಷ ಕಾದು ಕೊಬ್ಬರಿಯಾಗಬೇಕಾಗಿದ್ದುದು ಒಂದೇ ಸಂಜೆ ಬೆಳಗಿ ಮುಗಿಯಿತು. ಇದನ್ನು ನಷ್ಟವೆಂದು ಕರೆದವರನ್ನು ಆ ಊರುಗಳಲ್ಲಿ ನಾನು ಕಂಡಿಲ್ಲ.

ಮನುಷ್ಯರ ವಿಷಯದಲ್ಲಿ ಮಾತ್ರ ನಮ್ಮ ಹಾರೈಕೆ ಬೇರೆ. ಕಾಲಿಗೆರಗಿದ ಮಕ್ಕಳನ್ನು ಹಿರಿಯರು ನೂರು ವರ್ಷ ಬಾಳೆಂದು ಹರಸುತ್ತಾರೆ. ಚೆಲುವಾಗಿ ಸ್ವಲ್ಪ ಕಾಲ ಬಾಳೆಂದು ಯಾರೂ ಹರಸುವುದಿಲ್ಲ. ಹೀಗಿದ್ದರೂ, ನಮ್ಮ ನೆನಪಿನಲ್ಲಿ ಉಳಿದವರ ಹೆಸರುಗಳನ್ನು ಎಣಿಸಹೊರಟರೆ ಅಲ್ಪಾಯುಷಿಗಳು ಅಷ್ಟು ಮಂದಿ ಏಕೆ ಸಿಗುತ್ತಾರೆ? ನೂರರ ಸಮೀಪ ಬಾಳಿದ ಎಷ್ಟೋ ಜನರ ಹೆಸರನ್ನು ಅವರ ಮರಿಮಕ್ಕಳೇ ಮರೆತಿರುವಾಗ, ಮೂವತ್ತನ್ನು ಮುಟ್ಟದವರ ಬಾಳು ನಮ್ಮ ಕಣ್ಣಮುಂದೆ ಹೊಳೆಯುವುದೇಕೆ?

ಈ ಪ್ರಶ್ನೆ ಹೊಸದಲ್ಲ. ಮೃಕಂಡು ಮುನಿಯ ಕಥೆಯನ್ನು ಕೇಳದವರು ವಿರಳ. ಮಕ್ಕಳಿಲ್ಲದ ಮುನಿ ತಪಸ್ಸು ಮಾಡಿದಾಗ ಶಿವನು ಪ್ರತ್ಯಕ್ಷನಾಗಿ ಒಂದು ಕಠಿನವಾದ ಆಯ್ಕೆಯನ್ನು ಮುಂದಿಟ್ಟನಂತೆ: ಬಹುಕಾಲ ಬದುಕುವ ಗುಣಹೀನನಾದ ಮಗ ಬೇಕೋ, ಹದಿನಾರೇ ವರ್ಷ ಬದುಕುವ ಗುಣವಂತನಾದ ಮಗ ಬೇಕೋ? ಮುನಿ ಎರಡನೆಯವನನ್ನು ಬೇಡಿದನು. ಹುಟ್ಟಿದ ಮಗನೇ ಮಾರ್ಕಂಡೇಯ. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಹದಿನಾರು ತುಂಬಿದ ದಿನ ಯಮಪಾಶ ಬಿದ್ದಾಗ ಹುಡುಗನು ಲಿಂಗವನ್ನು ತಬ್ಬಿಕೊಂಡನು. ಶಿವನು ಯಮನನ್ನು ತಡೆದು ಅವನನ್ನು ಚಿರಂಜೀವಿಯಾಗಿಸಿದನು. ಸ್ವಲ್ಪ ಯೋಚಿಸಿ ನೋಡಿದರೆ ಇದರಲ್ಲೊಂದು ಸ್ವಾರಸ್ಯವಿದೆ. ಗುಣವಂತನಾದ ಅಲ್ಪಾಯುಷಿಯೇ ಮೇಲೆಂದು ಒಪ್ಪಿದ ಕಥೆಗಾರನಿಗೂ ಕೊನೆಯ ಗಳಿಗೆಯಲ್ಲಿ ಆ ಹುಡುಗನನ್ನು ಸಾಯಗೊಡಲು ಮನಸ್ಸು ಬರಲಿಲ್ಲ.

ಗ್ರೀಕರ ಕಥೆಯಲ್ಲಿಯೂ ಇಂಥದೇ ಆಯ್ಕೆಯೊಂದು ಬರುತ್ತದೆ. ಟ್ರಾಯ್ ಯುದ್ಧದ ವೀರನಾದ ಅಕಿಲೀಸನ ಮುಂದೆ ಎರಡು ದಾರಿಗಳಿದ್ದವು: ಯುದ್ಧದಲ್ಲಿ ನಿಂತರೆ ಬೇಗನೆ ಸಾವು, ಅಳಿಯದ ಕೀರ್ತಿ, ಊರಿಗೆ ಮರಳಿದರೆ ದೀರ್ಘಾಯುಸ್ಸು, ಕೀರ್ತಿಯಿಲ್ಲ. ಅವನು ನಿಂತನು, ಸತ್ತನು, ಕೀರ್ತಿಯನ್ನು ಪಡೆದನು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆದರೆ ಮುಂದೆ ಅದೇ ಕವಿಯ ಹೆಸರಿನಲ್ಲಿರುವ ಇನ್ನೊಂದು ಕಾವ್ಯದಲ್ಲಿ, ಪ್ರೇತಲೋಕದಲ್ಲಿ ಭೇಟಿಯಾದ ಗೆಳೆಯನೊಡನೆ ಅಕಿಲೀಸನ ನೆರಳು, ಸತ್ತವರಿಗೆಲ್ಲ ಅರಸನಾಗಿರುವುದಕ್ಕಿಂತ ಭೂಮಿಯ ಮೇಲೆ ಬಡವನ ಹೊಲದಲ್ಲಿ ಆಳಾಗಿ ಬದುಕಿರುವುದೇ ಲೇಸೆಂದು ಹೇಳಿಕೊಳ್ಳುತ್ತದೆ. ಈ ಎರಡನೆಯ ಮಾತನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಹೇಳುವುದು ನ್ಯಾಯವಲ್ಲ.

ಕಥೆಗಳು ಇರಲಿ. ನಮ್ಮ ನಾಡಿನಲ್ಲಿಯೇ, ದಿನಾಂಕಗಳು ತಿಳಿದಿರುವ ಕಾಲದಲ್ಲಿ, ಹೀಗೆ ಬಾಳಿದ ಇಬ್ಬರನ್ನು ನೋಡೋಣ.

ಮೊದಲನೆಯವರು ಕೊಡಗಿನ ಗೌರಮ್ಮನವರು. ಮಡಿಕೇರಿಯಲ್ಲಿ 1912ರಲ್ಲಿ ಹುಟ್ಟಿದ ಅವರು ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡರು. ಚಿಕ್ಕ ವಯಸ್ಸಿನಲ್ಲಿಯೇ ಮದುವೆಯಾಯಿತು. ಗಂಡ ಬಿ. ಟಿ. ಗೋಪಾಲಕೃಷ್ಣ ಅವರು ಕಾಫಿ ತೋಟವೊಂದರ ವ್ಯವಸ್ಥಾಪಕರು. ಪೇಟೆಯಿಂದ ದೂರದ ತೋಟದ ಮನೆ, ಸುತ್ತಲೂ ಕಾಡು, ತಿಂಗಳುಗಟ್ಟಲೆ ಸುರಿಯುವ ಮಳೆ. ಅಂದಿನ ಗೃಹಿಣಿಯೊಬ್ಬಳ ಪ್ರಪಂಚವು ಆ ಮನೆಯ ಅಂಗಳದಲ್ಲಿ ಮುಗಿದಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಗೌರಮ್ಮನವರು ಅಷ್ಟರಲ್ಲಿ ನಿಲ್ಲಲಿಲ್ಲ. ಓದಿದರು, ಹಿಂದಿಯನ್ನು ಕಲಿತರು, ಟೆನಿಸ್ ಆಡಿದರು, ಈಜು ಕಲಿತರು. ಕೆಲಸದ ನಡುವಿನ ಬಿಡುವಿನಲ್ಲಿ ಕಥೆ ಬರೆದು ಪತ್ರಿಕೆಗಳಿಗೆ ಕಳುಹಿಸಿದರು. ಬರೆದವರ ಹೆಸರಿನ ಜಾಗದಲ್ಲಿ ಇರುತ್ತಿದ್ದುದು 'ಮಿಸೆಸ್ ಬಿ. ಟಿ. ಜಿ. ಕೃಷ್ಣ' ಎಂದು.

1934ರ ಫೆಬ್ರವರಿಯಲ್ಲಿ ಮಹಾತ್ಮ ಗಾಂಧಿಯವರು ಹರಿಜನೋದ್ಧಾರದ ಯಾತ್ರೆಯಲ್ಲಿ ಕೊಡಗಿಗೆ ಬಂದರು. ಅವರು ತಮ್ಮ ಮನೆಗೂ ಬರಲೇಬೇಕೆಂದು ಗೌರಮ್ಮನವರು ಹಟ ಹಿಡಿದು ಉಪವಾಸ ಕುಳಿತರು. ಉಪವಾಸವೆಂಬ ಅಸ್ತ್ರವನ್ನು ಗಾಂಧಿಯವರ ಮೇಲೆಯೇ ಪ್ರಯೋಗಿಸಿದ ಈ ಇಪ್ಪತ್ತೆರಡರ ಹೆಣ್ಣುಮಗಳ ಧೈರ್ಯವನ್ನು ನೆನೆದರೆ ಇಂದಿಗೂ ನಗೆ ಮೂಡುತ್ತದೆ. ಗಾಂಧಿಯವರು ಬಂದರು. ಗೌರಮ್ಮನವರು ಮೈಮೇಲಿನ ಒಡವೆಗಳನ್ನು ಹರಿಜನ ನಿಧಿಗೆ ಒಪ್ಪಿಸಿದರು.

ಅವರು ಬರೆದ ಕಥೆಗಳು ಇಪ್ಪತ್ತರಷ್ಟು. ವಿಧವೆಯ ಮರುಮದುವೆ, ಜಾತಿಯ ಗೋಡೆ, ಗಂಡಿನ ಒಂದು ತಪ್ಪು ಹೆಣ್ಣಿನ ಇಡೀ ಬಾಳನ್ನು ಕೆಡಿಸುವ ಬಗೆ ಇವೇ ಅವುಗಳ ವಸ್ತು. ಒಂದು ಕಥೆಯ ಹೆಸರೇ 'ಅಪರಾಧಿ ಯಾರು?' ಎಂದು. ಉಪದೇಶದ ಭಾರವಿಲ್ಲದೆ, ತಮ್ಮ ಮನೆಯ ಮಾತನ್ನು ಆಡುವಂತೆ ಅವರು ಬರೆದರು. ಸಮಾಜವನ್ನು ತಿದ್ದಹೊರಟ ಆ ಕಾಲದ ಎಷ್ಟೋ ಬರಹಗಳನ್ನು ಇಂದು ಓದುವಾಗ ನಮಗೆ ಆಕಳಿಕೆ ಬರುತ್ತದೆ. ಗೌರಮ್ಮನವರ ಕಥೆಗಳನ್ನು ಓದುವಾಗ ಹಾಗಾಗುವುದಿಲ್ಲ. 1939ರ ಏಪ್ರಿಲ್ 13ರಂದು ಈಜುತ್ತಿದ್ದಾಗ ಅವರು ನೀರಿನಲ್ಲಿ ಮುಳುಗಿ ತೀರಿಕೊಂಡರು. ಆಗ ಅವರಿಗೆ 27 ವರ್ಷ. ಅವರ ಕಥೆಗಳು 'ಕಂಬನಿ', 'ಚಿಗುರು' ಎಂಬ ಎರಡು ಸಂಕಲನಗಳಾಗಿ ಹೊರಬಂದದ್ದು ಅವರು ಹೋದ ಮೇಲೆ.

ಇನ್ನೊಬ್ಬರು ಕರಾವಳಿಯವರು. ಕಾರ್ಕಳ ಸೀಮೆಯ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪ ಬಡತನದಲ್ಲಿ ಬೆಳೆದು, ಹೆಚ್ಚಿನ ವಿದ್ಯಾಭ್ಯಾಸಕ್ಕೆ ಅನುಕೂಲವಿಲ್ಲದೆ, ಶಾಲೆಯಲ್ಲಿ ಮಕ್ಕಳಿಗೆ ಅಂಗಸಾಧನೆ ಕಲಿಸುವ ಉಪಾಧ್ಯಾಯರಾದರು. ಹಗಲೆಲ್ಲ ಮೈದಾನದ ಬಿಸಿಲಿನಲ್ಲಿ ಹುಡುಗರನ್ನು ಸಾಲುಗಟ್ಟಿ ನಿಲ್ಲಿಸುವ ಕೆಲಸ. ಉಳಿದ ಹೊತ್ತಿನಲ್ಲಿ ಹಳಗನ್ನಡ ಕಾವ್ಯಗಳ ವ್ಯಾಸಂಗ. ಹೀಗೆ ಓದಿ ಓದಿ ಆ ಭಾಷೆ ಅವರ ನಾಲಗೆಗೆ ಎಷ್ಟು ಒಗ್ಗಿತೆಂದರೆ, ಅವರು ತಮ್ಮ ಕೃತಿಗಳನ್ನು ಯಾರೋ ಪ್ರಾಚೀನ ಕವಿಯ ರಚನೆಗಳೆಂಬಂತೆ ಮೈಸೂರಿಗೆ ಕಳುಹಿಸಿಕೊಟ್ಟಾಗ ಅಲ್ಲಿಯ ವಿದ್ವಾಂಸರು ಅವುಗಳನ್ನು ಆದರದಿಂದ ಸ್ವೀಕರಿಸಿ ಅಚ್ಚುಹಾಕಿಸಿದರು. 'ಅದ್ಭುತ ರಾಮಾಯಣ', 'ಶ್ರೀರಾಮಪಟ್ಟಾಭಿಷೇಕ', 'ಶ್ರೀರಾಮಾಶ್ವಮೇಧ' ಎಂಬ ಈ ಕೃತಿಗಳ ಕವಿ ಮುದ್ದಣನೆಂಬ ಹೆಸರಿನವನೆಂದು ಮಾತ್ರ ನಾಡಿಗೆ ಗೊತ್ತಾಯಿತು. ಆ ಮುದ್ದಣನೇ ನಂದಳಿಕೆಯ ಲಕ್ಷ್ಮೀನಾರಣಪ್ಪನೆಂಬುದು ಕನ್ನಡಿಗರಿಗೆ ದೃಢವಾಗುವ ಹೊತ್ತಿಗೆ ಕವಿ ಕಣ್ಮರೆಯಾಗಿ ಬಹಳ ವರ್ಷಗಳು ಸಂದಿದ್ದವು.

'ಶ್ರೀರಾಮಾಶ್ವಮೇಧ'ವನ್ನು ಓದಿದವರಿಗೆ ಕುದುರೆಯ ಹಿಂದೆ ಹೋದ ಸೈನ್ಯಕ್ಕಿಂತಲೂ ಹೆಚ್ಚಾಗಿ ನೆನಪಿನಲ್ಲಿ ಉಳಿಯುವುದು ಮಳೆಗಾಲದ ಒಂದು ಸಂಜೆಯಲ್ಲಿ ಗಂಡ ಹೆಂಡತಿ ಕುಳಿತು ಆಡುವ ಸಲ್ಲಾಪ. ಮುದ್ದಣ ಕಥೆ ಹೇಳುತ್ತಾನೆ; ಮನೋರಮೆ ಕೇಳುತ್ತಾಳೆ. ಆದರೆ ಸುಮ್ಮನೆ ಕೇಳುವವಳಲ್ಲ. ಯಾವ ಕಥೆ ಬೇಕೆಂಬುದನ್ನು ಅವಳೇ ನಿರ್ಧರಿಸುತ್ತಾಳೆ. ಪದ್ಯ ಬೇಡ, ಗದ್ಯದಲ್ಲಿ ಹೇಳೆನ್ನುತ್ತಾಳೆ. ಸಂಸ್ಕೃತದ ಆಡಂಬರ ಹೆಚ್ಚಿದರೆ ತಡೆದು ನಿಲ್ಲಿಸುತ್ತಾಳೆ. ಹಳಗನ್ನಡದ ವೇಷದಲ್ಲಿಯೇ ಹೊಸಗನ್ನಡದ ಮನೋಧರ್ಮ ಇಲ್ಲಿ ಕಣ್ಣು ತೆರೆಯಿತು. ಕವಿಯು 1901ರ ಫೆಬ್ರವರಿಯಲ್ಲಿ ಕ್ಷಯರೋಗದಿಂದ ತೀರಿಕೊಂಡರು. ವಯಸ್ಸು 31.

ಈ ಇಬ್ಬರ ಬಾಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮೊದಲು ಕಾಣುವ ಸಂಗತಿಯೆಂದರೆ, ಇಬ್ಬರೂ ಅನುಕೂಲಕ್ಕಾಗಿ ಕಾಯಲಿಲ್ಲ. ತೋಟದ ಮನೆಯಲ್ಲಿ ಬರಹಗಾರರ ಸಹವಾಸವಿರಲಿಲ್ಲ; ಅಂಗಸಾಧನೆಯ ಉಪಾಧ್ಯಾಯನಿಗೆ ಪಂಡಿತರ ಮನ್ನಣೆಯಿರಲಿಲ್ಲ. ನಾವು ಸಾಮಾನ್ಯರು ದೀರ್ಘಾಯುಸ್ಸನ್ನು ನಂಬಿಕೊಂಡು ಬಹಳ ಕೆಲಸಗಳನ್ನು ಮುಂದೂಡುತ್ತೇವೆ: ಸಾಲ ತೀರಲಿ, ಮಕ್ಕಳ ಮದುವೆಯಾಗಲಿ, ನಿವೃತ್ತಿಯಾಗಲಿ. ಎಪ್ಪತ್ತು ವರ್ಷದ ಬಾಳಿನಲ್ಲಿ ನಾವು ನಿಜವಾಗಿ ಇಷ್ಟಪಟ್ಟ ಕೆಲಸಕ್ಕೆ ಸಂದ ದಿನಗಳನ್ನು ಮಾತ್ರ ಎಣಿಸಿದರೆ, ಆ ಲೆಕ್ಕದಲ್ಲಿ ಗೌರಮ್ಮನವರೇ ನಮಗಿಂತ ಹಿರಿಯರಾಗಿ ಕಂಡಾರು. ಅವರಿಗೆ ಸಾವಿನ ಮುನ್ಸೂಚನೆಯಿದ್ದು ಅವಸರಪಟ್ಟರೆಂದು ಇದರ ಅರ್ಥವಲ್ಲ. ಈಜಲು ಇಳಿದ ಆ ದಿನವೂ ಅವರಿಗೆ ಅದು ಎಂದಿನ ಒಂದು ದಿನವೇ.

ಎರಡನೆಯ ಕಾರಣ ಅಷ್ಟು ಗೌರವದ್ದಲ್ಲ, ಆದರೂ ಹೇಳಲೇಬೇಕು. ನೆನಪಿಗೆ ಒಂದು ಚಾಳಿಯಿದೆ. ಅದು ಬೇಗನೆ ಹೋದವರನ್ನು ಅದೇ ವಯಸ್ಸಿನಲ್ಲಿ ನಿಲ್ಲಿಸಿಬಿಡುತ್ತದೆ; ಶಿವನು ಮಾರ್ಕಂಡೇಯನಿಗೆ ಮಾಡಿದ್ದೂ ಇದನ್ನೇ. ಗೌರಮ್ಮನವರಿಗೆ ತಲೆ ನರೆಯಲಿಲ್ಲ. ಹತ್ತು ಒಳ್ಳೆಯ ಕಥೆ ಬರೆದ ಮೇಲೆ ಅದೇ ಕಥೆಯನ್ನು ಮತ್ತೆ ಹತ್ತು ಬಾರಿ ಬರೆಯುವ ಆಯಾಸ ಅವರಿಗೆ ಬರಲಿಲ್ಲ. ದೀರ್ಘಕಾಲ ಬದುಕಿದ ಲೇಖಕನ ಸೋತ ಕೃತಿಗಳೂ ನಮ್ಮ ಮುಂದಿರುತ್ತವೆ. ಅಲ್ಪಾಯುಷಿ ಬರೆಯದೆ ಹೋದ ಕೃತಿಗಳನ್ನು ನಾವು ನಮ್ಮ ಕಲ್ಪನೆಯಲ್ಲಿ ಶ್ರೇಷ್ಠವಾಗಿಯೇ ಬರೆದುಕೊಳ್ಳುತ್ತೇವೆ. ಈ ಹೊಳಪಿನಲ್ಲಿ ಒಂದಂಶ ನಮ್ಮ ಕಣ್ಣಿನದೇ ಆಗಿದೆ. ಅಷ್ಟನ್ನು ಕಳೆದು ಉಳಿದುದನ್ನು ತೂಗುವುದು ಪ್ರಾಮಾಣಿಕವಾದ ಕ್ರಮ. ಹಾಗೆ ಕಳೆದರೂ ಮನೋರಮೆಯ ಮಾತು ಉಳಿಯುತ್ತದೆ, 'ಅಪರಾಧಿ ಯಾರು?' ಎಂಬ ಪ್ರಶ್ನೆಯೂ ಉಳಿಯುತ್ತದೆ.

ಇಲ್ಲಿ ಎಳೆಯ ಓದುಗರಿಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಬೇಗನೆ ಸಾಯುವುದರಲ್ಲಿ ಯಾವ ಸೌಂದರ್ಯವೂ ಇಲ್ಲ. ಮುದ್ದಣನನ್ನು ಕೊಂದದ್ದು ಕಾವ್ಯವಲ್ಲ, ಒಂದು ರೋಗಾಣು. ಆ ರೋಗಾಣುವನ್ನು ರಾಬರ್ಟ್ ಕಾಖ್ 1882ರಲ್ಲಿಯೇ ಗುರುತಿಸಿದ್ದನು. ಆದರೆ ಅದನ್ನು ಕೊಲ್ಲಬಲ್ಲ ಸ್ಟ್ರೆಪ್ಟೊಮೈಸಿನ್ ಎಂಬ ಔಷಧ ದೊರೆತದ್ದು 1943ರಲ್ಲಿ. ಆ ಔಷಧ ಕೈಗೆಟಕುವ ಕಾಲದಲ್ಲಿ ಹುಟ್ಟಿದ್ದರೆ ಮುದ್ದಣ ಇನ್ನೂ ನಲವತ್ತು ವರ್ಷ ಬರೆಯಬಹುದಾಗಿತ್ತು. ಆಗ ಅವರ ಬಾಳು ಇಷ್ಟು ಮನೋಹರವಾಗಿ ಕಾಣದೆ ಹೋಗುತ್ತಿತ್ತೆಂದು ಯಾರಾದರೂ ಹೇಳಿದರೆ, ಅದನ್ನು ಅವರ ಹೆಂಡತಿಯ ಮುಂದೆ ಹೇಳಿ ನೋಡಬೇಕಾಗಿತ್ತು. ಮಗನನ್ನು ಕಳೆದುಕೊಂಡ ತಾಯಿಗೆ ಹೊಂಬಾಳೆಯ ಉಪಮೆ ಸಮಾಧಾನ ಕೊಡಲಾರದು. ನಾವು ಈ ಉಪಮೆಯನ್ನು ಬಳಸುವಾಗ ಅದರ ಮಿತಿಯನ್ನು ಅರಿತಿರಬೇಕು: ಹೊಂಬಾಳೆಯನ್ನು ಕೊಯ್ಯುವವನು ಮರದ ಒಡೆಯ, ಅವನಿಗೆ ಮುಂದಿನ ತಿಂಗಳು ಇನ್ನೊಂದು ಸಿಕ್ಕುತ್ತದೆ.

ದೀರ್ಘವಾದ ಬಾಳು ಮಂಕಾಗಿಯೇ ಇರಬೇಕೆಂಬ ನಿಯಮವೂ ಇಲ್ಲ. ಅಮ್ಮಸಂದ್ರದವರಿಗೆ ಇದಕ್ಕೆ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ತುಮಕೂರಿನ ಪಕ್ಕದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 1907ರಲ್ಲಿ ಹುಟ್ಟಿ 2019ರ ಜನವರಿ 21ರಂದು, ತಮ್ಮ 111ನೆಯ ವಯಸ್ಸಿನಲ್ಲಿ, ಲಿಂಗೈಕ್ಯರಾದರು. ಬಡ ಮಕ್ಕಳಿಗೆ ಅನ್ನ, ವಸತಿ, ವಿದ್ಯೆ ಈ ಮೂರನ್ನೂ ಒದಗಿಸುವ ಕೆಲಸದಲ್ಲಿ ಅವರ ಬಾಳಿನ ಎಂಟು ದಶಕಗಳು ಕಳೆದವು. ಆ ಕೆಲಸದ ಗುಣವೇ ಅಂಥದು. ಒಂದು ಕಥೆಯನ್ನು ಒಂದು ವಾರದಲ್ಲಿ ಬರೆಯಬಹುದು. ಸಾವಿರಾರು ಮಕ್ಕಳ ಹಸಿವನ್ನು ಒಂದು ವಾರದಲ್ಲಿ ನೀಗಿಸಿ ಮುಗಿಸಲಾಗದು, ಮರುದಿನ ಮತ್ತೆ ಒಲೆ ಹೊತ್ತಿಸಬೇಕು. ಕೆಲವು ಕೆಲಸಗಳು ಕೊಬ್ಬರಿಯಂತೆ ಕಾಲವನ್ನೇ ಬೇಡುತ್ತವೆ.

ಇನ್ನೊಂದು ಸಂಗತಿಯನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ನನಗಾದರೋ ಅದೇ ಎಲ್ಲಕ್ಕಿಂತ ಮುಖ್ಯವೆಂದು ತೋರುತ್ತದೆ. ಅಲ್ಪಾಯುಷಿಗಳ ಬೆಳಕು ತಾನಾಗಿ ನಮ್ಮವರೆಗೆ ಬಂದುದಲ್ಲ. ಅವರ ತರುವಾಯ ಬದುಕಿ ಉಳಿದವರು ಅದನ್ನು ಹೊತ್ತು ತಂದರು. ಗಣಿತಜ್ಞ ಶ್ರೀನಿವಾಸ ರಾಮಾನುಜನ್ 1920ರಲ್ಲಿ 32ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ಕೊನೆಯ ದಿನಗಳಲ್ಲಿ ಬರೆದಿಟ್ಟ ಹಾಳೆಗಳು ಕೇಂಬ್ರಿಜ್‌ನ ಗ್ರಂಥಾಲಯವೊಂದರಲ್ಲಿ ಯಾರ ಗಮನಕ್ಕೂ ಬಾರದೆ ಬಿದ್ದಿದ್ದು, 1976ರಲ್ಲಿ ಜಾರ್ಜ್ ಆಂಡ್ರ್ಯೂಸ್ ಎಂಬ ಗಣಿತಜ್ಞನ ಕಣ್ಣಿಗೆ ಬಿದ್ದವು. ಅವುಗಳನ್ನು ಬಿಡಿಸಿ ಸಾಧಿಸುವುದರಲ್ಲಿ ಹಲವರು ತಮ್ಮ ದೀರ್ಘವಾದ ಬಾಳಿನ ಎಷ್ಟೋ ವರ್ಷಗಳನ್ನು ಕಳೆದರು. ಮುದ್ದಣನ ಹಸ್ತಪ್ರತಿಗಳನ್ನು ಮೈಸೂರಿನವರು ಅಚ್ಚುಹಾಕದೆ ಮೂಲೆಗೆಸೆದಿದ್ದರೆ ಮನೋರಮೆಯ ದನಿ ನಂದಳಿಕೆಯ ಆಚೆಗೆ ಕೇಳಿಸುತ್ತಿರಲಿಲ್ಲ.

ಗೌರಮ್ಮನವರ ವಿಷಯದಲ್ಲಿಯೂ ಹೀಗೆಯೇ ಆಯಿತು. ಅವರನ್ನು ತಂಗಿಯೆಂದು ಭಾವಿಸಿದ್ದ ದ. ರಾ. ಬೇಂದ್ರೆಯವರು 'ಕಂಬನಿ'ಗೆ ಮುನ್ನುಡಿ ಬರೆದರು. ತಂಗಿ ಗೌರಮ್ಮನನ್ನು ಕುರಿತು ಕವಿತೆಯನ್ನೂ ಬರೆದರು. ಬೇಂದ್ರೆಯವರು ಆಮೇಲೆ ನಾಲ್ಕು ದಶಕಗಳಿಗಿಂತ ಹೆಚ್ಚು ಕಾಲ ಬದುಕಿದ್ದರು. ಮಿಸೆಸ್ ಬಿ. ಟಿ. ಜಿ. ಕೃಷ್ಣ ಎಂಬ ಹೆಸರು ಹಿಂದಕ್ಕೆ ಸರಿದು, ಕೊಡಗಿನ ಗೌರಮ್ಮ ಎಂಬ ಹೆಸರು ಕನ್ನಡದಲ್ಲಿ ನೆಲೆನಿಂತಿತು. 2023ರಲ್ಲಿ ಅವರ ಕಥೆಗಳನ್ನು ಇಂಗ್ಲಿಷಿಗೆ ಅನುವಾದಿಸಿ ಹೊರತಂದವರು ಅದೇ ಮಡಿಕೇರಿಯ ದೀಪಾ ಭಾಸ್ತಿಯವರು. ಗೌರಮ್ಮನವರು ತೀರಿಕೊಂಡು ಆಗ 84 ವರ್ಷಗಳಾಗಿದ್ದವು. ಅವರು ಬದುಕಿದ್ದ ಕಾಲದ ಮೂರರಷ್ಟಕ್ಕಿಂತಲೂ ಹೆಚ್ಚು.

ಅಮ್ಮಸಂದ್ರದ ಸುತ್ತಿನ ಹಳ್ಳಿಗಳಲ್ಲಿ ಹಬ್ಬ ಬಂದಾಗ ಹೊಂಬಾಳೆಗಾಗಿ ಯಾವ ಮರವನ್ನು ಹತ್ತಿಸಬೇಕೆಂಬುದನ್ನು ಮನೆಯ ಹಿರಿಯನೇ ಹೇಳುತ್ತಾನೆ. ತೋಟದಲ್ಲಿ ಒಂದು ಸುತ್ತು ತಿರುಗಿ, ತಲೆಯೆತ್ತಿ ಒಂದೊಂದು ಮರದ ಸುಳಿಯನ್ನೂ ನೋಡಿ, ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಆಮೇಲೆ ಕೈತೋರಿಸುತ್ತಾನೆ. ಮರ ಹತ್ತುವವನು ಅದನ್ನು ಕೆಳಕ್ಕೆ ಎಸೆಯುವುದಿಲ್ಲ. ಹಗ್ಗ ಕಟ್ಟಿ ಇಳಿಬಿಡುತ್ತಾನೆ. ಕೆಳಗೆ ನಿಂತ ಮಕ್ಕಳು ಅದು ನೆಲ ಮುಟ್ಟದಂತೆ ಎರಡೂ ಕೈಗಳಲ್ಲಿ ಹಿಡಿದುಕೊಳ್ಳುತ್ತಾರೆ.